ಅವಸರದ ಗಂಟು

ಅಜ್ಜ ತೀರಿಕೊಂಡು ಹತ್ತೊಂಬತ್ತು ವರ್ಷ.
ಕಾರು ನಿಂತದ್ದು ಅದಕ್ಕೂ ಸುಮಾರು ಮೂವತ್ತು ವರ್ಷ ಮೊದಲು,
ಗ್ರಿಮ್ಸ್‌ಬಿಯ ಮೀನುಕಟ್ಟೆಯ ಹಿಂದಿನ ಬಾಡಿಗೆ ಶೆಡ್ಡಿನಲ್ಲಿ
ಇಟ್ಟಿಗೆಗಳ ಮೇಲೆ ಕುಕ್ಕರಿಸಿ, ಟಾರ್ಪಾಲು ಹೊದ್ದು.
ಐವತ್ತೊಂಬತ್ತರ ಟ್ರಯಂಫ್. ಎರಡೇ ಸೀಟು.
ಬಣ್ಣ ಹಸಿರು, ಎನ್ನುತ್ತದೆ ನೋಂದಣಿ ಪುಸ್ತಕ.

ನೆವಿಲ್ ಮಾವ ಬೀಗದಕೈ ಎಸೆದು ಹೇಳಿದ:
ಗುಜರಿಗೆ ಕೊಡು. ಇಟ್ಟುಕೊಂಡರೆ ನಿನ್ನ ಹಣೆಬರಹ.

ನನ್ನ ಹಣೆಬರಹದಲ್ಲಿ ಮೂರು ಇಲಿಗೂಡು,
ಡಿಕ್ಕಿಯಲ್ಲಿ ಒಂದು ಒಣಗಿದ ಪಾರಿವಾಳ,
ನೆಲವೋ, ಬೆರಳೊತ್ತಿದರೆ ಹಪ್ಪಳ.
ಉಪ್ಪು ತಿಂದದ್ದು ನೀರು ಕುಡಿಯಲೇಬೇಕಲ್ಲ,
ಹಂಬರ್ ನದಿ ಕಡಲಿಗೆ ಬಾಯಿ ತೆರೆಯುವಲ್ಲಿ
ಕಬ್ಬಿಣ ಎರಡನ್ನೂ ಮಾಡಿತ್ತು, ಸದ್ದಿಲ್ಲದೆ.

ನಾನು ಹಲ್ಲಿನ ಡಾಕ್ಟರ ಬಳಿ ಲೆಕ್ಕ ಬರೆಯುವವಳು.
ವೆಲ್ಡಿಂಗ್ ಕಲಿತೆ, ಮಂಗಳವಾರ ಸಂಜೆಯ ತರಗತಿಯಲ್ಲಿ,
ಹದಿನೇಳರ ಹುಡುಗರ ನಡುವೆ.
ಮೊದಲ ಬೆಸುಗೆ ಬಾತುಕೋಳಿಯ ಹಿಕ್ಕೆಯಂತಿತ್ತು.
ಎಂಟನೆಯದು ಪರವಾಗಿಲ್ಲ.

ಮಣಿಯದೆ ಉಳಿದದ್ದು ಒಂದೇ: ಡ್ರೈವರ್ ಸೀಟು.
ಹಳಿಯ ಮುಂತುದಿಗೆ ಜರುಗಿ, ಅಲ್ಲೇ ತುಕ್ಕು ಹಿಡಿದು
ಸ್ಟೀರಿಂಗಿಗೆ ಮೂಗು ಮುಟ್ಟಿಸಿ ಕೂತಿತ್ತು.
ಒಳಗೆ ತೂರಿದರೆ ನನ್ನ ಮಂಡಿ ನನ್ನ ಗದ್ದಕ್ಕೆ.
ಎಣ್ಣೆ ಬಿಟ್ಟೆ, ಬೆಂಕಿ ಹಿಡಿದೆ, ಸುತ್ತಿಗೆಯಲ್ಲಿ ಬೇಡಿಕೊಂಡೆ.
ಬೈದೆ ಕೂಡ. ಕದಲಲಿಲ್ಲ.

ಕ್ಲಿಫರ್ಡ್ ಅಜ್ಜನ ಕೈಗುಣ, ಎನ್ನುತ್ತಾರೆ ನಮ್ಮಲ್ಲಿ.
ಪ್ರತಿ ಕ್ರಿಸ್ಮಸ್ಸಿಗೂ, ಟರ್ಕಿ ಕೋಳಿ ಕತ್ತರಿಸುವ ಮುನ್ನ, ಅದೇ ಕತೆ:
ಹಿಮದಲ್ಲಿ ನಿಂತ ಕಾರು, ಬರಿಗೈಯ ಅಜ್ಜ,
ಹತ್ತೇ ನಿಮಿಷಕ್ಕೆ ಗುರ್ ಎಂದ ಎಂಜಿನ್ನು.
ಆರಡಿ ಎರಡಂಗುಲದ ಆಳು,
ಟ್ರಾಲರಿನ ಎಂಜಿನ್ ಕೋಣೆಯಲ್ಲಿ ತಲೆ ಬಗ್ಗಿಸಿಯೇ ಬದುಕಿದವ.
ಮೂರು ವಾರ ಐಸ್‌ಲ್ಯಾಂಡಿನ ಕಡಲು, ಮೂರು ದಿನ ಮನೆ,
ಆ ಮೂರರಲ್ಲಿ ಎರಡು ದಿನ ಪಬ್ಬು.

ಲೆಕ್ಕ ಬರೆಯುವವಳಿಗೆ ಲೆಕ್ಕ ತಾಳೆಯಾಗಲಿಲ್ಲ.
ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಸಿಕ್ಕ ಅಂಗಡಿ ಚೀಟಿಗಳು:
ಎಣ್ಣೆ, ಒಂಬತ್ತನೇ ತಾರೀಕು. ಪ್ಲಗ್ಗು, ಹದಿನೇಳು.
ಕ್ಲಚ್ಚಿನ ತಟ್ಟೆ, ಇಪ್ಪತ್ತು.
ಅಜ್ಜನ ಹಡಗಿನ ಪುಸ್ತಕದಲ್ಲಿ:
ಹೊರಟದ್ದು ನಾಲ್ಕರಂದು, ಮರಳಿದ್ದು ಇಪ್ಪತ್ತೈದು.

ಆಮೇಲೆ ಮಡಚು ಚಾವಣಿ ಬಿಚ್ಚಿದೆ.
ಹರಿದ ಹಿಂಬದಿಯನ್ನು ಯಾರೋ ಕೂಡಿಸಿದ್ದರು
ಹೊಲಿಗೆದಾರದಲ್ಲಲ್ಲ, ಹಸಿರು ಬಲೆಹುರಿಯಲ್ಲಿ,
ಗಂಟಿನ ಪಕ್ಕ ಗಂಟು,
ಕಾಡ್ ಮೀನಿಗೂ ಬಿಡಿಸಲಾಗದ ಗಂಟು.

ಮೇವಿಸ್ ಅಜ್ಜಿಗೆ ಎಂಬತ್ತೇಳು.
ಹಿತ್ತಲ ಬಾಗಿಲ ಕೊಕ್ಕೆಗೆ ಹುರಿ ಬಿಗಿದು
ಇಪ್ಪತ್ತು ವರ್ಷ ಬಲೆ ಹೆಣೆದವಳು, ಗಜಕ್ಕಿಷ್ಟು ಪೆನ್ನಿಯಂತೆ.
ಆ ತುಂಡನ್ನು ಕತ್ತರಿಸಿ ತಂದು ಅವಳ ತೊಡೆಯ ಮೇಲಿಟ್ಟೆ.
ಏನೂ ಕೇಳಲಿಲ್ಲ.
ಬಾಗದ ಬೆರಳಲ್ಲಿ ಒಂದೊಂದೇ ಗಂಟು ಸವರುತ್ತ ಹೋಗಿ
ಒಂದರಲ್ಲಿ ನಿಂತು ಮುಖ ಕಿವಿಚಿದಳು:
"ಇದು ಸಡಿಲ. ಆವತ್ತು ಅವಸರದಲ್ಲಿದ್ದೆ."

ಎಲ್ಲಿಗೆ, ಅಜ್ಜಿ?

"ಟೀ ಆರ್ತಾ ಇದೆ, ಕುಡಿ."

ಐಸ್‌ಲ್ಯಾಂಡ್ ತನ್ನ ಕಡಲು ಮುಚ್ಚಿಕೊಂಡ ವರ್ಷ
ಅಜ್ಜ ಮನೆಗೆ ಬಂದ, ಪೂರ್ತಿಯಾಗಿ.
ಕಾರು ಇಟ್ಟಿಗೆ ಹತ್ತಿದ್ದೂ ಅದೇ ವರ್ಷ.
ಈ ಎರಡು ಮಾತು ನಮ್ಮ ಕ್ರಿಸ್ಮಸ್ ಕತೆಯಲ್ಲಿ
ಯಾವತ್ತೂ ಅಕ್ಕಪಕ್ಕ ಕೂತಿರಲಿಲ್ಲ.

ನಿನ್ನೆ ಎಂಜಿನ್ನು ಹನ್ನೊಂದು ಸೆಕೆಂಡು ಕೆಮ್ಮಿತು.
ಬಾಗಿಲಿಗೆ ಇನ್ನೂ ಬಣ್ಣವಿಲ್ಲ, ಬ್ರೇಕಿಲ್ಲ, ದೀಪ ಒಕ್ಕಣ್ಣ.
ಆದರೂ ಅಜ್ಜಿಯನ್ನು ಕರೆತಂದೆ, ಎಡದ ಬಾಗಿಲು ತೆರೆದು ಹಿಡಿದೆ.
ಅವಳು ಕಾರನ್ನು ಸುತ್ತಿ ಬಲಕ್ಕೆ ಹೋದಳು,
ಊರುಗೋಲು ನನ್ನ ಕೈಗಿತ್ತು,
ಸೊಂಟ ಮೊದಲು, ಕಾಲು ಆಮೇಲೆ, ನಿಧಾನ ಇಳಿದು ಕೂತಳು.

ಪಾದ ಪೆಡಲಿಗೆ ಸರಿಯಾಗಿ ಸಿಕ್ಕಿತು.
ನಾನು ಸುತ್ತಿಗೆಯನ್ನು ಪೆಟ್ಟಿಗೆಗೆ ಹಾಕಿದೆ.

"ಕನ್ನಡಿ ತಿರುಗಿಸಿದ್ದು ಯಾರು?" ಎಂದಳು.