ಐದು ಟಿಕೇಟು, ಹೋಗಲಿಕ್ಕೆ ಮಾತ್ರ

ಅಯ್ವಲಿಕ್ ಬಂದರು. ಎರಡನೆಯ ಕಿಟಕಿ ನನ್ನದು.
ಹನ್ನೊಂದು ವರ್ಷದಿಂದ ಹರಿದು ಕೊಡುತ್ತಿದ್ದೇನೆ
ಆಚೆ ದಡದ ಟಿಕೇಟು.
ಆಚೆ ದಡವೆಂದರೆ ಅಂಥ ದೂರವೇನಲ್ಲ,
ಮೋಡವಿಲ್ಲದ ದಿನ ಆ ದ್ವೀಪದ ಗುಡ್ಡದ ಮೇಲೆ
ಯಾರದೋ ಮನೆಯ ಗಾಜು ಹೊಳೆಯುವುದು
ಕೂತಲ್ಲಿಗೇ ಕಾಣುತ್ತದೆ.
ಒಂದೂವರೆ ತಾಸು. ಮೂವತ್ತು ಯೂರೋ.
ಮಕ್ಕಳಿಗೆ ಅರ್ಧ.

ಅಕ್ಟೋಬರ್ ಕೊನೆ, ಜನ ಕಡಿಮೆ.
ಘುಲಾಮ್ ಸಖಿ, ಘಜ್ನಿಯ ಕಡೆಯವನು,
ಬೂಟಿಗೆ ಪಾಲಿಶು ಹಾಕಿಕೊಂಡು ಬಂದಿದ್ದ.
ಬೆನ್ನಿಗೆ ಹೆಂಡತಿ, ಮುದಿ ತಾಯಿ, ಒಂದು ಕೂಸು.
ಮಾತಿಗೆ ಮಾತ್ರ ಮಗಳು ಮುಂದೆ:
ವಾನ್ ಊರಿನ ಬೇಕರಿಯಲ್ಲಿ ಎರಡು ಚಳಿಗಾಲ
ತಟ್ಟೆ ತೊಳೆಯುತ್ತ ಕಲಿತ ತುರ್ಕಿ,
ನನ್ನ ಮಕ್ಕಳದಕ್ಕಿಂತ ಚೊಕ್ಕ.

“ಐದು ಕೊಡಿ. ಹೋಗಲಿಕ್ಕೆ ಮಾತ್ರ.”

ದುಡ್ಡು ಎಣಿಸಿಯೇ ತಂದಿದ್ದರು, ಚಿಲ್ಲರೆ ಸಮೇತ.
ಪಾಸ್‌ಪೋರ್ಟು? ಅಂದೆ.
ಪ್ಲಾಸ್ಟಿಕ್ ಚೀಲ ಬಿಚ್ಚಿ ಒಂದೊಂದೇ ಇಟ್ಟಳು:
ಅಪ್ಪ ಮೇಷ್ಟರಾಗಿದ್ದ ಶಾಲೆಯ ಹಾಜರಿ ಪುಟ,
ಕೂಸಿನ ಚುಚ್ಚುಮದ್ದಿನ ಕಾರ್ಡು,
ಅಂಚು ಸುಟ್ಟ ಮದುವೆ ಪತ್ರ,
ಅಂಕಾರಾದ ಕಚೇರಿ ಕೊಟ್ಟ ಚೀಟಿ,
ಅದರಲ್ಲಿ ಸಂದರ್ಶನದ ತಾರೀಖು, ಮೂರು ವರ್ಷದಾಚೆಯದು.
ಕೊನೆಗೆ ಅಜ್ಜಿ ಸೊಂಟದಿಂದ ತೆಗೆದು
ತಾನೂ ಒಂದು ಬೀಗದ ಕೈ ಇಟ್ಟಳು.

ಒಂದೂ ಸುಳ್ಳಲ್ಲ. ನನಗೆ ಗೊತ್ತಾಯಿತು.
ಆದರೆ ನನ್ನ ಯಂತ್ರ ಓದುವುದು
ಪಾಸ್‌ಪೋರ್ಟಿನ ತಳದ ಎರಡು ಸಾಲು, ಅಷ್ಟೇ.

ಸರದಿಯಲ್ಲಿ ಅವರ ಹಿಂದೆ ಹಾಲೆಂಡಿನ ದಂಪತಿ,
ಜೊತೆಗೊಂದು ಮೋಟು ಬಾಲದ ನಾಯಿ.
ನಾಯಿಗೆ ನೀಲಿ ಪಾಸ್‌ಪೋರ್ಟಿತ್ತು.
ತಿರುವಿ ನೋಡಿದೆ, ಎಲ್ಲ ಸರಿಯಿತ್ತು.
ಹುಡುಗಿ ಬಗ್ಗಿ ಅದರ ಕಿವಿ ಸವರಿದಳು.

ಹಿಂದಿನ ಗಲ್ಲಿಯಲ್ಲಿ ನನ್ನ ಷಡ್ಡಕನ ಅಂಗಡಿ,
ಕಿತ್ತಳೆ ಬಣ್ಣದ ತೇಲುವ ಜಾಕೀಟು ಮಾರುತ್ತಾನೆ.
ಒಳಗೇನು ತುಂಬಿದೆ ಅಂದರೆ ನಗುತ್ತಾನೆ.
ಅದೇ ನೀರಿಗೆ, ರಾತ್ರಿ, ರಬ್ಬರ್ ದೋಣಿಗೆ
ತಲೆಗೆ ಸಾವಿರದಿನ್ನೂರು.
ಅಲ್ಲಿ ಕೂಸಿಗೂ ಅರ್ಧವಿಲ್ಲ.

“ಹಾಗಾದರೆ ಯಾವ ಕಿಟಕಿಗೆ ಹೋಗಬೇಕು?”
ಜಗಳದ ದನಿಯಲ್ಲ. ವಿಳಾಸ ಕೇಳಿದ ಹಾಗೆ.

ನನ್ನ ಎಡಕ್ಕೆ ಮೂರನೆಯದೊಂದಿದೆ.
ನಾನು ಸೇರಿದಾಗಿನಿಂದ ಮುಚ್ಚಿಯೇ ಇದೆ,
ಪೊರಕೆ, ಬಕೀಟು ಇಡುತ್ತೇವೆ.
ಅವಳ ಕಣ್ಣು ಅಲ್ಲಿಗೂ ಹೋಗಿ ಬಂತು.

ಕಾಗದಗಳನ್ನು ಬಂದ ಕ್ರಮದಲ್ಲೇ ಮಡಿಸಿಟ್ಟುಕೊಂಡಳು.

ರಾತ್ರಿಯೆಲ್ಲ ಗಾಳಿ.
ಬೆಳಗ್ಗೆ ಯಾರಿಗಿಂತ ಮುಂಚೆ ಬಂದು
ಬಕೀಟು ಹೊರಗಿಟ್ಟೆ. ಮೂರನೆಯ ಕಿಟಕಿಯ
ಗಾಜನ್ನು ಎರಡೂ ಕಡೆಯಿಂದ ಒರೆಸಿದೆ.
ಏನಯ್ಯಾ ನೆಜ್‌ದೆತ್, ಇದೇನು ಹೊಸದು? ಅಂದ ಮ್ಯಾನೇಜರು.
ಧೂಳು, ಅಂದೆ.