ಚಿಲ್ಲರೆ ಬಾಕಿ

ಪ್ರವಾಸದ ಆರನೆಯ ದಿನ ನಮ್ಮ ಗೈಡು
‘ಇವತ್ತು ನಿಮ್ಮ ಪಾಡು ನಿಮ್ಮದು’ ಎಂದು ಕೈಬಿಟ್ಟ.
ಉಳಿದವರೆಲ್ಲ ಮಾಲಿಗೆ ಹೋದರು.
ನಾನು, ಹುಬ್ಬಳ್ಳಿ ಡಿಪೋದ ನಿವೃತ್ತ ಕಂಡಕ್ಟರು,
ಪಿ.ಎಫ್. ದುಡ್ಡು ಮುರಿದು ಸಿಡ್ನಿ ನೋಡಲು ಬಂದವಳು,
ಟ್ರಾಮು ಹತ್ತಿದೆ.

ಟಿಕೇಟು ಕೇಳುವವರೇ ಇಲ್ಲ.
ಕಂಬಕ್ಕೆ ಕಾರ್ಡು ತಾಗಿಸಿದರೆ ಟಿಂಗ್,
ಮುಗಿಯಿತು ವ್ಯವಹಾರ.
‘ಮುಂದ ಹೋಗ್ರಿ, ಮುಂದ ಹೋಗ್ರಿ’ ಅನ್ನದೆಯೇ
ಜನ ಮುಂದೆ ಹೋಗುತ್ತಾರೆ.
ತುಟಿಯ ಮೇಲೆ ಇಪ್ಪತ್ತೊಂಬತ್ತು ವರ್ಷದ ಸೀಟಿ
ಸುಮ್ಮನೆ ತುರಿಸಿತು.

ಹೇಮಾರ್ಕೆಟ್ಟಿನಲ್ಲಿ ಇಳಿದೆ.
ಕಮಾನಿನ ಬುಡದಲ್ಲಿ ಎರಡು ಕಲ್ಲಿನ ಸಿಂಹ;
ಒಂದರ ಬಾಯಿಗೆ ಯಾರೋ ಐಸ್‌ಕ್ರೀಮಿನ ಕಡ್ಡಿ ಕಚ್ಚಿಸಿದ್ದರು.
ಗಾಜಿನ ಹಿಂದೆ ಕೊರಳಿಗೆ ಕೊಕ್ಕೆ ಸಿಕ್ಕಿದ ಬಾತುಗಳು
ಆಡಿಟ್ ದಿನದ ಗುಮಾಸ್ತರಂತೆ ಸಾಲಾಗಿ ತೂಗುತ್ತಿದ್ದವು.

ಸಂತೆ ಇದ್ದದ್ದು ಸೂರಿನ ಕೆಳಗೆ.
ಮಾವಿನಹಣ್ಣು, ಕಾಲುಚೀಲ, ಫೋನಿಗೆ ತೊಡಿಸುವ ಅಂಗಿ,
ಚೀನಾದಲ್ಲಿ ಹೊಲಿಸಿಕೊಂಡು ಬಂದ ಕಾಂಗರೂ ಮರಿಗಳು.
ಮೂಲೆಯ ಮೇಜಿನ ಮೇಲೆ ಅದು ಕಂಡಿತು:
ಕಂದು ಚರ್ಮದ ಹೆಗಲಚೀಲ,
ಮೂರು ಖಾನೆ, ಮೇಲೊಂದು ಮುಚ್ಚಳ;
ನನ್ನ ಹಳೆಯ ಬ್ಯಾಗು
ತಲೆಸ್ನಾನ ಮಾಡಿ ಬಂದಂತಿತ್ತು.

ಅಂಗಡಿಯಾಕೆಗೆ ನನ್ನಷ್ಟೇ ವಯಸ್ಸು.
ಅವಳ ಇಂಗ್ಲಿಷು ನನ್ನದಕ್ಕಿಂತ ಒಂದು ಸ್ಟಾಪು ಹಿಂದೆ.
ಕ್ಯಾಲ್ಕುಲೇಟರು ಒತ್ತಿ ತೋರಿಸಿದಳು: ನಲವತ್ತೆಂಟು.
ನಾನು ಒತ್ತಿದೆ: ಇಪ್ಪತ್ತು.
ಅವಳು ಪಕ್ಕದಂಗಡಿಯವಳನ್ನು ಕರೆದು
ನನ್ನ ಇಪ್ಪತ್ತನ್ನು ತೋರಿಸಿದಳು. ಇಬ್ಬರೂ ನಕ್ಕರು.
ನಾನು ಹೊಲಿಗೆ ಎಳೆದೆ, ಮೂಸಿದೆ, ‘ರೆಕ್ಸಿನ್ನು’ ಎಂದೆ.
ಆ ಮಾತು ತಿಳಿಯಿತೋ, ಮೂಗಿನ ಸೊಟ್ಟ ತಿಳಿಯಿತೋ,
ಲೈಟರು ತೆಗೆದು ಚೀಲಕ್ಕೆ ಬೆಂಕಿ ಹಿಡಿದೇಬಿಟ್ಟಳು!
ಸುಡಲಿಲ್ಲ.
ನಲವತ್ತು. ಇಪ್ಪತ್ತೆರಡು. ಮೂವತ್ತೈದು.
ನಾನು ಎದ್ದು ಹೊರಟೆ.
ಒಂಬತ್ತನೆಯ ಹೆಜ್ಜೆಗೆ ಕರೆ ಬರಬೇಕು,
ದುರ್ಗದಬೈಲಿನ ಲೆಕ್ಕ ಅದು.
ಇಲ್ಲಿ ಹದಿಮೂರಕ್ಕೆ ಬಂತು.
ಅಷ್ಟರಲ್ಲಿ ಜೀವ ಎರಡು ಸಲ ಹಿಂದೆ ನೋಡಿತ್ತು.

ಇಪ್ಪತ್ತೆಂಟಕ್ಕೆ ಕುದುರಿತು. ಮೂವತ್ತು ಕೊಟ್ಟೆ.
ಡಬ್ಬಿ ಅಲ್ಲಾಡಿಸಿದಳು: ಚಿಲ್ಲರೆ ಇಲ್ಲ.
ನನಗೆ ನಗು ತಡೆಯಲಾಗಲಿಲ್ಲ.
ಎಷ್ಟು ಟಿಕೇಟಿನ ಬೆನ್ನಿಗೆ ಬರೆದುಕೊಟ್ಟಿದ್ದೇನೆ
‘ಇಳಿಯೂ ಮುಂದ ಇಸಗೊಳ್ರಿ’ ಎಂದು;
ಎಷ್ಟು ಮಂದಿ ಮರೆತು ಇಳಿದು
ಬಸ್ಸಿನ ಧೂಳಿನಲ್ಲಿ ನೆನಪಿಸಿಕೊಂಡಿದ್ದಾರೆ.
ಅವಳು ರಟ್ಟಿನ ಚೂರಿನ ಮೇಲೆ ಎರಡು ಅಡ್ಡಗೆರೆ ಎಳೆದಳು,
ಮೇಲಿನದು ಗಿಡ್ಡ, ಕೆಳಗಿನದು ಉದ್ದ.
ಐದು ಬೆರಳು ಅಗಲಿಸಿದಳು: ಐದು ಗಂಟೆಗೆ ಬಾ.

ಆಮೇಲೆ ನೋಡಿದ್ದೆಲ್ಲ ಆ ಚೂರಿನ ಜೊತೆ ನೋಡಿದ್ದು:
ಚೀನೀ ತೋಟದ ಕೊಳದಲ್ಲಿ ಸೋಮಾರಿ ಮೀನು,
ದೋಣಿಯಿಂದ ಕಂಡ ಉಕ್ಕಿನ ಸೇತುವೆ,
ಬಿಳಿ ದೊನ್ನೆಗಳನ್ನು ಓರೆಯಾಗಿ ಬೋರಲು ಹಾಕಿದಂಥ ಸಂಗೀತದ ಮನೆ.
ಜನ ಫೋಟೋ ಹೊಡೆದುಕೊಳ್ಳುತ್ತಿದ್ದರು,
ನಾನು ಗಂಟೆ ನೋಡುತ್ತಿದ್ದೆ.
ಎರಡು ಡಾಲರು ದೊಡ್ಡ ಮಾತಲ್ಲ.
ಆದರೆ ಹೆಸರೂ ಗೊತ್ತಿಲ್ಲದ ಊರಲ್ಲಿ
ಒಬ್ಬಳ ಲೆಕ್ಕದಲ್ಲಿ ನಾನಿದ್ದೆ.

ಐದಕ್ಕೆ ಹತ್ತು ನಿಮಿಷ.
ಅರ್ಧ ಅಂಗಡಿಗಳ ಮೇಲೆ ಟಾರ್ಪಾಲು ಬಿದ್ದಿತ್ತು.
ಅವಳು ಬಾಯಲ್ಲಿ ಹಗ್ಗ ಕಚ್ಚಿಕೊಂಡು ಪೆಟ್ಟಿಗೆ ತುಂಬುತ್ತಿದ್ದಳು.
ನನ್ನ ಕಂಡವಳೇ ಜೇಬಿನಿಂದ ನಾಣ್ಯ ತೆಗೆದಳು;
ಬೇರೆಯೇ ಎತ್ತಿಟ್ಟಿದ್ದಿರಬೇಕು, ಬೆಚ್ಚಗಿತ್ತು.
ರಟ್ಟಿನ ಚೂರು ಚಾಚಿದೆ.
ಅದರ ತುದಿಯನ್ನು ಉಗುರಿನಿಂದ ಹರಿದು
ಉಳಿದದ್ದನ್ನು ನನ್ನ ಕೈಗೇ ಹಾಕಿದಳು,
ಥೇಟು ಚೆಕಿಂಗಿನವರ ಹಾಗೆ,
ತಿರುಗಿ ಹಗ್ಗ ಕಚ್ಚಿದಳು.

ಟ್ರಾಮಿನಲ್ಲಿ ಇದ್ದಬದ್ದ ಚಿಲ್ಲರೆಯನ್ನೆಲ್ಲ
ಹೊಸ ಚೀಲದ ನಡುಖಾನೆಗೆ ಸುರಿದು
ಒಮ್ಮೆ, ಒಂದೇ ಒಂದು ಸಲ, ಕುಲುಕಿದೆ.
ಮುಂದಿನ ಸೀಟಿನ ಹುಡುಗ ಬೆಚ್ಚಿ ತಿರುಗಿ
ಕಾರ್ಡಿಗಾಗಿ ಜೇಬು ತಡಕಾಡತೊಡಗಿದ.