ನಾನಿ ದವಾಖಾನಾ

ಚೌಬಾರಾದಿಂದ ಇಳಿದರೆ ಮೂರನೆಯ ಓಣಿ.
ತಗಡಿನ ಬೋರ್ಡಿನಿಂದ 'ಯು' ಅಳಿಸಿ
ನನಗೆ ಓದು ಬರುವ ಹೊತ್ತಿಗೆ ಎಷ್ಟೋ ವರ್ಷವಾಗಿತ್ತು.
ನಾನಿ ದವಾಖಾನಾ, ಎಂದು ಕೂಡಿಸಿ ಕೂಡಿಸಿ ಓದಿದೆ.
ಯಾರ ನಾನಿ? ಎಂದದ್ದಕ್ಕೆ
ಒಳಗೆ ಕಲಬತ್ತಿನಲ್ಲಿ ಸೋಂಪು ಕುಟ್ಟುತ್ತಿದ್ದ ಅಪ್ಪ ಝರೆಪ್ಪ
ನಗುವ ಭರದಲ್ಲಿ ಬೆರಳು ಜಜ್ಜಿಕೊಂಡ.

ಹಕೀಮ್ ಮುಜ್ತಬಾ ಸಾಹೇಬರು ನಗಲಿಲ್ಲ.
ಒಂದು ಸೀಸೆಯನ್ನು ಬೆಳಕಿಗೆ ಹಿಡಿದರು:
"ಇದು ಮಸ್ತಗಿ, ಬೇಟಾ. ಯುನಾನದಾಗ ಒಂದು ದ್ವೀಪ ಅದ,
ಅಲ್ಲಿ ಗಿಡ ಅಳ್ತದ. ಇದು ಅದರ ಕಣ್ಣೀರು.
ಪ್ಯಾಟ್ಯಾಗ ಸಿಗೋದು ಅರ್ಧ ರಾಳ, ಅರ್ಧ ಸುಳ್ಳು.
ಸಾಚಾ ಮಾಲ್ ನಾ ಎಂದೂ ಕಂಡಿಲ್ಲ."
ಕಾಣದ್ದನ್ನೇ ತೂಗಿ, ಜೇನಿನಲ್ಲಿ ಕಲಸಿ
ಅರ್ಧ ಬೀದರಿನ ಹೊಟ್ಟೆನೋವು ಇಳಿಸಿದರು.

ನಾನು ನರ್ಸಾದೆ, ಮಂಗಲಪೇಟೆಯ ನನ್ನ ಗೆಳತಿಯರಂತೆಯೇ.
ಕುವೈತಿನಲ್ಲಿ ಮುದುಕಿಯೊಬ್ಬಳ ಶುಗರು, ಬಿಪಿ, ಬೈಗುಳ
ಒಂದೇ ಚಾರ್ಟಿನಲ್ಲಿ ಬರೆದಿಟ್ಟೆ.
ಹೋದ ಅಕ್ಟೋಬರಿನಲ್ಲಿ ಆಕೆಯ ಮಗ
ದ್ವೀಪ ತೋರಿಸುತ್ತೇನೆಂದು ಎಲ್ಲರನ್ನೂ ಹೊರಡಿಸಿದ.
ಗಾಲಿಕುರ್ಚಿಯ ಹಿಂದಿನಿಂದ ನಾನು ಗ್ರೀಸ್ ಕಂಡೆ:
ಯಾವಾಗಲೂ ಮುಂದೊಂದು ಕಪ್ಪು ಮುಸುಕು, ಅದರಾಚೆ ಸಮುದ್ರ.
ಅಥೆನ್ಸಿನ ಗುಡ್ಡಕ್ಕೆ ಅಂದು ಲಿಫ್ಟು ಕೆಟ್ಟಿತ್ತು.
ಕೆಳಗೆ ನೆರಳಲ್ಲಿ ಕೂತು ಕಂಬಗಳ ತಲೆಯನ್ನಷ್ಟೇ ನೋಡಿದೆವು.
ಛತ್ತು ಹಾಕುವ ಮೊದಲೇ ದುಡ್ಡು ತೀರಿರಬೇಕು, ಎಂದಳು ಮುದುಕಿ.

ಖಿಯೋಸ್ ದ್ವೀಪದಲ್ಲಿ ಔಷಧಿ ಅಂಗಡಿಯವನನ್ನು ಕೇಳಿದೆ:
ಯುನಾನಿ ಮದ್ದು ಇದೆಯೇ?
ಆ ಹೆಸರೇ ಅವನು ಕೇಳಿಲ್ಲ. ಪ್ಯಾರಾಸಿಟಮಾಲ್ ತೋರಿಸಿದ.
ನಮ್ಮ ದೇಶದ ಹೆಸರು ಎಲ್ಲಾದಾ, ಎಂದ.
ಬೀದರಿನ ಕಿವಿಗೆ ಅದು 'ಎಲ್ಲದ?' ಎಂದೇ ಬಿತ್ತು.
ಇಲ್ಲೇ ಅದ, ಅಂದೆ. ಅವನಿಗೆ ತಿಳಿಯಲಿಲ್ಲ.

ಒಳಗಿನ ಹಳ್ಳಿಯೊಂದರಲ್ಲಿ ಮನೆಗಳ ಗೋಡೆ ತುಂಬ
ಕಪ್ಪಿನಲ್ಲಿ ಬಿಳಿ ಕೆರೆದ ತ್ರಿಕೋನ, ಚಕ್ರ, ಎಸಳು.
ಕುರ್ಚಿ ನೂಕುವುದು ಮರೆತು ನಿಂತೆ.
ಬಿದರಿ ಹೂಜಿಯೊಂದರ ಮೈಮೇಲೆ
ಇರುವೆಯಾಗಿ ಹರಿಯುತ್ತಿದ್ದೇನೆಯೇ?
ಬಾಲ್ಕನಿಯಿಂದ ತೂಗುವ ಟೊಮೆಟೊ ಸರಗಳು
ಅಲ್ಲ, ಇದು ಬೇರೆ ಊರು, ಎಂದವು.

ಹೊಸ್ತಿಲು ಹೊಸ್ತಿಲಲ್ಲೂ ಅಜ್ಜಿಯರು.
ಮಡಿಲಲ್ಲಿ ತಟ್ಟೆ, ತಟ್ಟೆಯಲ್ಲಿ ಗಿಡದ ಹನಿ,
ಮಣ್ಣು ಬೇರೆ, ಎಲೆ ಬೇರೆ ಮಾಡುವ ಸಣ್ಣ ಚೂರಿ.
ಜೋಳ ಹಸನು ಮಾಡುವಾಗಿನ ಅದೇ ಚಾಡಿಮಾತು,
ಅದೇ ನಡುನೋವು.
ತೋಟದಲ್ಲಿ ಗಿಡದ ಬುಡಕ್ಕೆ ಬಿಳಿಮಣ್ಣು ಹರವಿದ್ದರು,
ಗೀರಿದಲ್ಲಿಂದ ಇಳಿದದ್ದು ಕೊಳೆಯಾಗದಿರಲೆಂದು.
ಗಾಯದ ಕೆಳಗೆ ಬಿಳಿ ಹಾಸುವುದು ನನಗೂ ಗೊತ್ತು.
ಗಾಯ ಬೇಗ ಮಾಯದಿರಲಿ ಎಂಬ ಪ್ರಾರ್ಥನೆ ಗೊತ್ತಿರಲಿಲ್ಲ.
ಐವತ್ತು ಗ್ರಾಮಿನ ಬೆಲೆ ಕೇಳಿ ಎದೆ ಧಸಕ್ಕೆಂದಿತು.
ಕೊಂಡೆ.

ಈಗ ಬೀದರಿಗೆ ಬಂದು ನಾಲ್ಕು ದಿನ.
ಅಪ್ಪನ ಕಲಬತ್ತಿನ ಜಾಗಕ್ಕೆ ಮಿಕ್ಸಿ ಬಂದಿದೆ.
ಸಾಹೇಬರಿಗೆ ಎಂಬತ್ತೊಂದು.
ಪೊಟ್ಟಣ ಬಿಚ್ಚಿ ಒಂದು ಹನಿ ಬೆಳಕಿಗೆ ಹಿಡಿದರು, ಮೂಸಿದರು.
ಸಾಚಾ ಹೌದೋ ಅಲ್ಲವೋ ಅಗಿದೇ ನೋಡಬೇಕು:
ರಾಳವಾದರೆ ಪುಡಿ, ಮಸ್ತಗಿಯಾದರೆ ಮೇಣ.
ಅವರ ಬಾಯಲ್ಲಿ ಒಂದೂ ಹಲ್ಲಿಲ್ಲ.
"ನೀ ಅಗಿ," ಎಂದು ನನಗೆ ಕೊಟ್ಟು
ನನ್ನ ಮಣಿಕಟ್ಟು ಹಿಡಿದು ಕಣ್ಣು ಮುಚ್ಚಿದರು.

ಮೊದಲು ಗಾಜಿನಂತೆ ಒಡೆಯಿತು. ಹೆದರಿದೆ.
ಆಮೇಲೆ ಕಹಿ.
ಆಮೇಲೆ ಹೊಸ ಬಾಗಿಲಿಗೆ ಉಜ್ಜಿದ ಮರದ ವಾಸನೆ.
ಆಮೇಲಿನದಕ್ಕೆ ನಮ್ಮ ಕಡೆ ಮಾತಿಲ್ಲ,
ಅದಕ್ಕೇ ನಾನು ಏನೂ ಹೇಳಲಿಲ್ಲ.
ನಾಡಿಯಲ್ಲಿ ಏನು ಸಿಕ್ಕಿತೋ,
"ಮೆತ್ತಗಾತು," ಅಂದರು ಸಾಹೇಬರು.

ಹೊರಗೆ ಬಂದು ಬೋರ್ಡಿನ ಕೆಳಗೆ ನಿಂತೆ, ಅಗಿಯುತ್ತಲೇ.
ಪೇಂಟರನ್ನು ಕರೆಸಿ 'ಯು' ಬರೆಸಲೇ
ಎಂದು ಕೇಳಬೇಕೆಂದುಕೊಂಡು ಬಂದಿದ್ದೆ.
ಕೇಳಲಿಲ್ಲ.